ಶಾಂಘೈಯಲ್ಲಿ ಎದೆಗೆ ಸೂಜಿ ಹಾಕಿಸಿಕೊಂಡೆ | ದಾನ್‌ಜೋಂಗ್ ಪಾಯಿಂಟ್

ಎಲ್ಲರಿಗೂ ನಮಸ್ಕಾರ. ಇಷ್ಟು ಬೆಳಗ್ಗೆಯೇ ಆಸ್ಪತ್ರೆ ಮುಂದೆ ಎಷ್ಟು ಜನ ನೋಡಿ. ಚೀನೀ ವೈದ್ಯಪದ್ಧತಿಯ ಆಸ್ಪತ್ರೆ ಇದು. ಮೈಯ ಗೊತ್ತಾದ ಜಾಗಗಳಿಗೆ, ಅಂದರೆ ಪಾಯಿಂಟ್‌ಗಳಿಗೆ, ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಮಾಡಿಸಿಕೊಳ್ಳಲು ಬಂದೆ. ಜ್ವರ ಬಿಟ್ಟು ವಾರಗಳಾದರೂ ನನ್ನ ಕೆಮ್ಮು ಬಿಟ್ಟಿಲ್ಲ, ಎದೆ ಬಿಗಿ. ಎಕ್ಸ್‌ರೇ, ಇಸಿಜಿ ಮಾಡಿಸಿ, ಏನೂ ತೊಂದರೆ ಇಲ್ಲ ಅಂತ ಗೊತ್ತಾದ ಮೇಲೇ ಇಲ್ಲಿಗೆ ಬಂದಿದ್ದೇನೆ. ಎದೆ ಬಿಗಿ ಅಂದ ಕೂಡಲೇ ಸೂಜಿಗೆ ಓಡಬೇಡಿ. ಮೊದಲು ಇಸಿಜಿ.

ಹೆಸರು ನೋಂದಾಯಿಸುವ ಈ ಮೆಷಿನ್ ಬಗ್ಗೆ ಮಾತ್ರ ಜಾಸ್ತಿ ಹೊತ್ತು ಮಾತಾಡುತ್ತೇನೆ. ಇದಕ್ಕೆ ಚೀನಾದ 18 ಅಂಕಿಯ ಗುರುತಿನ ಚೀಟಿಯೇ ಬೇಕು. ಪಾಸ್‌ಪೋರ್ಟ್ ಓದುವುದಿಲ್ಲ. ಹಾಗಾಗಿ ಕೌಂಟರ್ ಮುಂದೆ ಕ್ಯೂ. ಅಲ್ಲಿ ಇನ್ನೊಂದು ಕಾಟ. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಾಲಂ ಖಾಲಿ ಇರುತ್ತದೆ ಅಲ್ವಾ? ನಮ್ಮ ಹೆಸರು, ಅಪ್ಪನ ಹೆಸರು ಎಲ್ಲ ಒಂದೇ ಸಾಲಿನಲ್ಲಿ. ಇಲ್ಲಿಯ ಕಂಪ್ಯೂಟರ್ ಸರ್‌ನೇಮ್ ಹಾಕದೆ ಮುಂದಕ್ಕೇ ಹೋಗಲಿಲ್ಲ. ಕೌಂಟರಿನ ಹುಡುಗಿ ಅಪ್ಪನ ಹೆಸರನ್ನು ಮುಂದಕ್ಕೆ ತಂದಳು. ಆಗ ಪೇಮೆಂಟ್ ಆ್ಯಪ್‌ನಲ್ಲಿರುವ ಹೆಸರಿಗೂ ಆಸ್ಪತ್ರೆ ಕಾರ್ಡಿನ ಹೆಸರಿಗೂ ತಾಳೆ ಬರಲಿಲ್ಲ. ಕಾರ್ಡು ರದ್ದು, ಮತ್ತೆ ಅದೇ ಕ್ಯೂ, ಮತ್ತೆ ಅದೇ ಪ್ರಶ್ನೆ. ಇಷ್ಟು ದೊಡ್ಡ ಊರಿನಲ್ಲಿ ಪಾಸ್‌ಪೋರ್ಟ್‌ಗೆ ಒಂದು ಬಟನ್ ಇಡಲು ಏನು ಕಷ್ಟ? ಸಿಟ್ಟು ಬಂತು. ಕರ್ನಾಟಕದಿಂದ ಇಲ್ಲಿಗೆ ಓದಲು ಬರುವವರು ಬ್ಯಾಂಕು, ಸಿಮ್, ಆ್ಯಪ್ ಎಲ್ಲದರಲ್ಲೂ ಹೆಸರನ್ನು ಒಂದೇ ಕ್ರಮದಲ್ಲಿ ಬರೆಸಿ. ದಯವಿಟ್ಟು.

ಸರಿ, ಗೋಡೆ ಮೇಲಿನ ಈ ಪಟ. ಎದೆಯ ನಡುವೆ ಕಾಣುವ ಚುಕ್ಕೆಯೇ ದಾನ್‌ಜೋಂಗ್, ಪುಸ್ತಕಗಳಲ್ಲಿ ಸಿವಿ 17, ಅಂದರೆ ಮೈಯ ಮುಂಭಾಗದ ನಡುಗೆರೆಯ 17ನೇ ಪಾಯಿಂಟ್. ಗಂಡಸರಲ್ಲಿ ಎರಡು ಮೊಲೆತೊಟ್ಟುಗಳ ನಡುವೆ, ಎದೆಮೂಳೆಯ ಮೇಲೆ. ಹೆಂಗಸರಲ್ಲಿ ಆ ಗುರುತು ನಂಬುವ ಹಾಗಿಲ್ಲ, ಪಕ್ಕೆಲುಬು ಎಣಿಸಬೇಕು. ಕತ್ತಿನ ಕುಳಿಯಿಂದ ಬೆರಳನ್ನು ಕೆಳಗೆ ಜಾರಿಸಿದರೆ ಒಂದು ಉಬ್ಬು ಸಿಗುತ್ತದೆ. ಎರಡನೇ ಪಕ್ಕೆಲುಬು ಸೇರುವುದು ಅಲ್ಲಿಗೆ. ಅಲ್ಲಿಂದ ಇಳಿದು, ನಾಲ್ಕನೆಯದರ ಕೆಳಗಿನ ಸಂದಿನ ಮಟ್ಟ. ಕೆಮ್ಮು, ಉಬ್ಬಸ, ಬಿಕ್ಕಳಿಕೆಗೆ ಇದನ್ನು ಬಳಸುತ್ತಾರೆ. ಬಾಣಂತಿಗೆ ಹಾಲು ಸಾಲದಿದ್ದರೂ ಇದೇ ಪಾಯಿಂಟ್. ಮೈಯ 'ಚಿ' ಶಕ್ತಿ ಬಂದು ಸೇರುವ ಜಾಗ ಎನ್ನುವುದು ಅವರ ಲೆಕ್ಕ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೆ ಈ ಜನರ ಶಿಸ್ತಿನ ಮೇಲೆ ಗೌರವ ಇದೆ. ಸೋಂಗ್ ದೊರೆಗಳ ಕಾಲದಲ್ಲಿ, 1027ರಲ್ಲಿ, ವಾಂಗ್ ವೈಯಿ ಎಂಬ ವೈದ್ಯರು ಎರಡು ಕಂಚಿನ ಆಳೆತ್ತರದ ಪ್ರತಿಮೆ ಮಾಡಿಸಿದರು. ಪಾಯಿಂಟ್ ಇರುವಲ್ಲೆಲ್ಲ ತೂತು. ಹೊರಗೆ ಮೇಣ ಬಳಿದು, ಒಳಗೆ ನೀರು ತುಂಬಿ ವಿದ್ಯಾರ್ಥಿಗಳಿಗೆ ಪರೀಕ್ಷೆ ಇಡುತ್ತಿದ್ದರಂತೆ. ಸೂಜಿ ಸರಿಯಾದ ಜಾಗಕ್ಕೆ ಬಿದ್ದರೆ ನೀರು ಹೊರಗೆ ಬರಬೇಕು. ಎಂಥ ಪರೀಕ್ಷೆ ಅಲ್ವಾ? ಆಗಿನ ರಾಜಧಾನಿ ಕೈಫೆಂಗ್‌ಗೆ ಒಮ್ಮೆ... ನನ್ನ ನಂಬರ್ ಕೂಗಿದರು, ಬನ್ನಿ.

ಈಗ ಸೂಜಿಯ ಓರೆ ಗಮನಿಸಿ. ನೆಟ್ಟಗೆ ಇಳಿಯುತ್ತಿಲ್ಲ. ಚರ್ಮವನ್ನು ಚಿವುಟಿ ಹಿಡಿದು, ಸೂಜಿಯನ್ನು ಮಲಗಿಸಿ ಹಾಕುತ್ತಿದ್ದಾರೆ. 0.3ರಿಂದ 0.5 ತ್ಸುನ್, ಅಷ್ಟೇ. ಒಂದು ತ್ಸುನ್ ಎಂದರೆ ರೋಗಿಯದೇ ಹೆಬ್ಬೆರಳಿನ ಅಗಲ. ಕೆಳಗೆ ಮೂಳೆ ಇದೆಯಲ್ಲ, ಭಯ ಯಾಕೆ ಅನ್ನಿಸಬಹುದು. ನೂರಕ್ಕೆ ಸುಮಾರು 5ರಿಂದ 8 ಜನರಿಗೆ ಹುಟ್ಟಿನಿಂದಲೇ ಎದೆಮೂಳೆಯಲ್ಲಿ ಒಂದು ತೂತು ಇರುತ್ತದೆ. ಮುಟ್ಟಿದರೆ ಗೊತ್ತಾಗುವುದಿಲ್ಲ. ಅದರ ಹಿಂದೆ ಹೃದಯ. ಅಂಥ ತೂತಿನಿಂದ ಸೂಜಿ ಒಳಗೆ ಹೋಗಿ, ಹೃದಯದ ಸುತ್ತ ರಕ್ತ ತುಂಬಿ ರೋಗಿ ತೀರಿಕೊಂಡ ಪ್ರಕರಣವನ್ನು ನಾರ್ವೆಯ ವೈದ್ಯರು 1995ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಎದೆಗೆ ನೆಟ್ಟಗೆ ಸೂಜಿ ಹಿಡಿದವರನ್ನು ಕಂಡರೆ ಎದ್ದು ಬನ್ನಿ. ಮುಲಾಜು ಬೇಡ. ಮನೆಯಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿಕೊಳ್ಳಿ, ಸೂಜಿ ಮಾತ್ರ ಬೇಡವೇ ಬೇಡ.

ನೋವಿರಲಿಲ್ಲ, ಸುಮ್ನೆ ಭಾರ ಅನ್ನಿಸಿತು. ಈಗ ಎದೆ ಸ್ವಲ್ಪ ಹಗುರ. ಕೆಮ್ಮು ತಾನಾಗಿಯೇ ಇಳಿಯುವ ಹೊತ್ತೂ ಆಗಿತ್ತು, ಹಾಗಾಗಿ ಎಲ್ಲವನ್ನೂ ಸೂಜಿಯ ಲೆಕ್ಕಕ್ಕೆ ಬರೆಯುವುದಿಲ್ಲ. ಕ್ಯೂನಲ್ಲಿ ನಿಂತಾಗ ಇನ್ನು ಇತ್ತ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆ. ಈ ಡಾಕ್ಟರ ಕೈ ನೋಡಿದ ಮೇಲೆ, ಬರುತ್ತೇನೆ. ಒಂದು ಮಾತು ಬಿಟ್ಟುಹೋಗುತ್ತಿತ್ತು. ಎದೆಗೆ ಸೂಜಿ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದ ಹಾಗಾದರೆ, ಗಂಟೆಗಳ ನಂತರವಾದರೂ ಸರಿ, ನೇರ ಎಮರ್ಜೆನ್ಸಿಗೆ ಹೋಗಿ. ಶ್ವಾಸಕೋಶಕ್ಕೆ ತಗುಲಿದ್ದರೆ ತಡವಾಗಿಯೂ ಗೊತ್ತಾಗಬಹುದು. ಮೆಟ್ರೋ ಬಂತು, ಸಿಗೋಣ.