ಅವ್ವ ಕಾಯುತ್ತಿದ್ದ ಅಶೋಕದ ಹೂ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷದ ಹಿಂದೆ ಬೆಳಗಾವಿಯ ಒಂದು ನರ್ಸರಿಯಿಂದ ಅವ್ವನಿಗಾಗಿ ಅಶೋಕದ ಸಸಿ ತಂದಿದ್ದೆ. ಸೀತವ್ವ ಕೂತಿದ್ದ ಗಿಡ ನಮ್ಮ ಅಂಗಳದಲ್ಲೂ ಇರಲಿ ಅಂತ ಅವಳ ಆಸೆ. ಗಿಡ ಕಂಬದ ಹಾಗೆ ನೆಟ್ಟಗೆ ಬೆಳೆದು ಮಾಳಿಗೆ ದಾಟಿತು, ಆದರೆ ಅವ್ವ ಕಾಯುತ್ತಿದ್ದ ಕೆಂಪು ಹೂ ಮಾತ್ರ ಬರಲೇ ಇಲ್ಲ. ಬರುವುದಾದರೂ ಹೇಗೆ? ಅದು ಕಂಬದ ಅಶೋಕ, ಸೀತಾಫಲದ ಕುಟುಂಬದ್ದು. ನಿಜವಾದ ಸೀತಾ ಅಶೋಕ ಹುಣಸೆಯ ಬಳಗದ್ದು.

ಸಸ್ಯಶಾಸ್ತ್ರದಲ್ಲಿ ಇದರ ಕುಲಕ್ಕೆ ಸರಾಕಾ ಅಂತ ಹೆಸರು. ಇದರಲ್ಲಿ ಸುಮಾರು 11 ಜಾತಿಗಳಿವೆ. ಭಾರತದಿಂದ ಇಂಡೋನೇಷ್ಯಾವರೆಗೆ, ಮಳೆಕಾಡಿನ ದೊಡ್ಡ ಮರಗಳ ನೆರಳಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುವ ಸಣ್ಣ ಮರಗಳು. ನಮ್ಮ ಸಹ್ಯಾದ್ರಿಯ ಅಡವಿಯಲ್ಲೂ ಸೀತಾ ಅಶೋಕ ತಾನಾಗಿ ಬೆಳೆಯುತ್ತದೆ.

ಆಮೇಲೆ ಎಲೆ ನೋಡಿ ಸೀತಾ ಅಶೋಕದ ಸಸಿಯನ್ನೇ ತಂದೆ. ಕಂಬದ ಅಶೋಕಕ್ಕೆ ಉದ್ದನೆಯ ಎಲೆ ಒಂದೊಂದೇ, ಅಂಚು ಅಲೆ ಅಲೆಯಾಗಿರುತ್ತದೆ. ಸೀತಾ ಅಶೋಕದಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿ ಎಲೆ. ಚಿಗುರಂತೂ ನೋಡಲೇಬೇಕು, ತಾಮ್ರದ ಬಣ್ಣ, ಕಸುವೇ ಇಲ್ಲದ ಹಾಗೆ ಇಳಕಲ್ ಸೀರೆಯ ಸೆರಗಿನ ಗೊಂಡೆಯಂತೆ ಜೋತು ಬಿದ್ದಿರುತ್ತದೆ, ಬಾಡಿತು ಅಂತ ಗಾಬರಿಯಾಗಬೇಡಿ, ಕೆಲವು ದಿನಕ್ಕೆ ಹಸಿರಾಗಿ ಗಟ್ಟಿಯಾಗುತ್ತದೆ.

ಕೊನೆಗೂ ಒಂದು ಫಾಲ್ಗುಣದಲ್ಲಿ ಹೂ ಬಂತು, ಕೊಂಬೆಯ ಮೈಗೇ ಅಂಟಿಕೊಂಡು. ಒಂದೇ ಗೊಂಚಲಲ್ಲಿ ಹಳದಿ, ಕಿತ್ತಳೆ, ಕೆಂಪು ಮೂರೂ ಇದ್ದವು, ಯಾಕಂದ್ರೆ ಹಳದಿಯಾಗಿ ಅರಳಿದ್ದು ದಿನ ಕಳೆದಂತೆ ಕೆಂಪಾಗುತ್ತದೆ. ಅವ್ವ ಒಂದು ಹೂ ಅಂಗೈಯಲ್ಲಿಟ್ಟುಕೊಂಡು ಎಸಳು ಎಣಿಸಿದಳು, ನಾಲ್ಕು. ನಿಜವಾಗಿ ಅವು ಎಸಳಲ್ಲ, ಬಣ್ಣ ಬಂದ ಪುಷ್ಪಪಾತ್ರೆ, ಅಂದ್ರೆ ಮೊಗ್ಗನ್ನು ಹೊರಗಿನಿಂದ ಮುಚ್ಚಿರುವ ಭಾಗ. ಈ ಹೂವಿಗೆ ಎಸಳೇ ಇಲ್ಲ! ಹೊರಗೆ ಚಾಚಿದ ಉದ್ದನೆಯ ಎಳೆಗಳು ಕೇಸರ.

ಒಂದು ಸಂಕಟದ ಮಾತೂ ಇದೆ. ಹೆಣ್ಣುಮಕ್ಕಳ ಮುಟ್ಟಿನ ತೊಂದರೆಗೆ ಕೊಡುವ ಅಶೋಕಾರಿಷ್ಟಕ್ಕೆ ಇದರ ತೊಗಟೆಯೇ ಬೇಕು. ಅದಕ್ಕೇ ಅಡವಿಯಲ್ಲಿ ಕಾಂಡದ ಸುತ್ತಲೂ ಸುಲಿಯುತ್ತಾರೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯ ಒಳಪದರದಿಂದಲೇ ಅಲ್ವಾ, ಸುತ್ತ ಸುಲಿದರೆ ಮರ ನಿಧಾನಕ್ಕೆ ಸಾಯುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ನಿಮ್ಮ ಹತ್ತಿರ ಎಲ್ಲಾದರೂ ಈ ಮರ ಇದ್ದರೆ ಕೆಳಗೆ ಬಿದ್ದ ಚಪ್ಪಟೆ ಕಾಯಿ ಆರಿಸಿ, ಬೀಜ ಒಣಗಲು ಬಿಡದೆ ಕೂಡಲೇ ಹಾಕಿ. ಸಸಿಯನ್ನು ನೆರಳಲ್ಲಿಡಿ, ನಮ್ಮ ಕಡೆ ಬಿಸಿಲು ಜಾಸ್ತಿ, ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ನಮಸ್ಕಾರ.