ಉಸಿಕ್ ಚಿಕ್ಕವನು ಅಂತ ಯಾರಪ್ಪ ಹೇಳಿದ್ದು?

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಸ್ವಲ್ಪ ತಲೆ ಬಿಸಿಯಾಗಿದೆ. ವಿಷಯ ಬಾಕ್ಸಿಂಗ್‌ನ ತೂಕದ ಕ್ಲಾಸುಗಳು, ಅದರಲ್ಲೂ ಎಲ್ಲಕ್ಕಿಂತ ಭಾರದ ಕ್ಲಾಸು ಹೆವಿವೇಟ್, ಮತ್ತೆ ಅಲ್ಲಿನ ಉಕ್ರೇನ್ ಬಾಕ್ಸರ್ ಉಸಿಕ್.

ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಕ್ರಾಫರ್ಡ್ ಎರಡು ಕ್ಲಾಸ್ ಮೇಲೆ ಹೋಗಿ ಕನೆಲೊನನ್ನೇ ಸೋಲಿಸಿದ. ಟೆಕ್ನಿಕ್ ಇದ್ದರೆ ತೂಕ ಯಾವ ಲೆಕ್ಕ? ಉಸಿಕ್‌ನ ನೋಡಿ, ಚಿಕ್ಕವನು ಹೆವಿವೇಟ್ ಆಳುತ್ತಿಲ್ವಾ?" ಅದಕ್ಕೆ ರಾಶಿ ಲೈಕು. ನನ್ನ ವಿಡಿಯೋಗೇ ಅಷ್ಟು ಬಿದ್ದಿಲ್ಲ.

ಸ್ವಾಮಿ, ಉಸಿಕ್ ಚಿಕ್ಕವನಲ್ಲ. ಆರಡಿ ಮೂರಿಂಚು ಇದ್ದಾನೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದು 91 ಕೆಜಿ ವಿಭಾಗದಲ್ಲಿ. ಆ ವಿಭಾಗದ ಹೆಸರೇ ಹೆವಿವೇಟ್! ಪ್ರೊಫೆಷನಲ್ ಆದ ಮೇಲೆ 200 ಪೌಂಡ್ (91 ಕೆಜಿ) ಮಿತಿಯ, ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ನಲ್ಲಿ ಆಡಿ, 2018ರಲ್ಲಿ ಮಾಸ್ಕೋದಲ್ಲಿ ಗಾಸಿಯೆವ್‌ನ ಸೋಲಿಸಿ ಚಾಂಪಿಯನ್ ಪಟ್ಟದ ನಾಲ್ಕೂ ಬೆಲ್ಟ್ ಹೊತ್ತುಕೊಂಡು ಹೋದ. 2021ರಲ್ಲಿ ಜೋಶುವಾ ಎದುರು 221 ಪೌಂಡ್. 2025ರಲ್ಲಿ ಡುಬ್ವಾ ಎದುರು 227. ಅವಸರವಿಲ್ಲದೆ, ವರ್ಷಗಟ್ಟಲೆ ಮೈ ಕಟ್ಟಿದ್ದಾನೆ. ಅಷ್ಟು ಮಾಂಸ ಹೊರೋಕೆ ಮೂಳೆ ಮೊದಲೇ ಇತ್ತು.

ಇನ್ನೊಬ್ಬ ಹೆವಿವೇಟ್ ಫ್ಯೂರಿ ಪಕ್ಕ ಸಣ್ಣಗೆ ಕಾಣುತ್ತಾನಾ? ಆರಡಿ ಒಂಬತ್ತಿಂಚಿನವನ ಪಕ್ಕ ನಿಮ್ಮ ಮನೆಯ ಗಾಡ್ರೆಜ್ ಬೀರು ನಿಲ್ಲಿಸಿದರೂ ಸಣ್ಣಗೇ ಕಾಣುತ್ತದೆ.

ನಿಜವಾದ ಚಿಕ್ಕವನು ಯಾರು ಗೊತ್ತಾ? ರಾಯ್ ಜೋನ್ಸ್. 160 ಪೌಂಡಿನ ಮಿಡಲ್‌ವೇಟ್‌ನಲ್ಲಿ ಚಾಂಪಿಯನ್ ಆಗಿದ್ದವನು. 2003ರ ಮಾರ್ಚ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ 193 ಪೌಂಡ್ ತೂಗಿ, 226 ಪೌಂಡಿನ ಹೆವಿವೇಟ್ ಚಾಂಪಿಯನ್ ಜಾನ್ ರುಯಿಜ್‌ನ ಹನ್ನೆರಡು ಸುತ್ತು ಆಟ ಆಡಿಸಿದ. ನೋಡೋಕೆ ಹಬ್ಬ! ಆಮೇಲೆ? ಆ ಬೆಲ್ಟಿಗಾಗಿ ಇನ್ನೊಂದು ಫೈಟ್ ಮಾಡಲೇ ಇಲ್ಲ. ಸೀದಾ 175 ಪೌಂಡಿನ ಲೈಟ್ ಹೆವಿವೇಟ್‌ಗೆ ಇಳಿದ. ಮುಂದಿನ ವರ್ಷ ಅಲ್ಲಿ ಟಾರ್ವರ್ ಎರಡನೇ ಸುತ್ತಿನಲ್ಲೇ ಮಲಗಿಸಿದ. ಗೆಲ್ಲೋದು ಬೇರೆ, ಅಲ್ಲಿ ತಳವೂರೋದು ಬೇರೆ!

ಯಾಕೆ ಅಂತೀರಾ? ಕ್ಲಿಂಚ್ ನೋಡಿ, ಕ್ಲಿಂಚ್. ಇಬ್ಬರೂ ತಬ್ಬಿಕೊಂಡು ಸುಮ್ನೆ ನಿಂತಿದ್ದಾರೆ ಅಂತ ನೀವು ಫಾರ್ವರ್ಡ್ ಮಾಡುತ್ತೀರಲ್ಲ, ಅಲ್ಲೇ ಇರೋದು ವಿಷಯ. ದೊಡ್ಡವನು ಎದುರಾಳಿಯ ಕತ್ತಿನ ಮೇಲೆ ಮುಂಗೈ ಹಾಕಿ ಮೈಭಾರ ಪೂರ್ತಿ ಬಿಡುತ್ತಾನೆ. ಚಿಕ್ಕವನು ಬೆನ್ನು ಬಗ್ಗಿಸಿ ತೊಡೆಯಲ್ಲಿ ಅದನ್ನು ಹೊರಬೇಕು. ರೆಫರಿ ಬಿಡಿಸುವ ಹೊತ್ತಿಗೆ ಉಸಿರು ಅರ್ಧ ಖಾಲಿ. ಒಂದು ರಾತ್ರಿ ಹೊರಬಹುದು. ವರ್ಷಕ್ಕೆರಡು ಸಲ, ಐದಾರು ವರ್ಷ?

ಮಧ್ಯದಲ್ಲಿ ಒಂದು ಮಾತು. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಬಾಕ್ಸಿಂಗ್ ಚಾನೆಲ್‌ನಲ್ಲಿ ಬೆಲ್ ಹೊಡೆಯದಿದ್ದರೆ ಮುಂದಿನ ಸುತ್ತು ಶುರುವಾಗೋದು ಹೇಗೆ?

ನೀವು ಇನ್ನೂ ಹೆಸರು ಎತ್ತುತ್ತೀರಿ. "ಕ್ರೂಸರ್‌ವೇಟ್‌ನಿಂದ ಬಂದ ಹೋಲಿಫೀಲ್ಡ್?" ಆರಡಿ ಎರಡೂವರೆ ಇಂಚು. ಮುಂದೆ. "ಟೈಸನ್ ಕುಳ್ಳ ಅಲ್ವಾ?" ಅಯ್ಯೋ ದೇವರೇ! ನೂರು ಕೆಜಿ, ಮೊದಲಿನಿಂದಲೂ ಹೆವಿವೇಟ್. ಅವನು ಎಲ್ಲಿಂದ ಮೇಲೆ ಬಂದ? "ಸ್ಪಿಂಕ್ಸ್?" ಲೈಟ್ ಹೆವಿವೇಟ್‌ನಿಂದ ಬಂದು 1985ರಲ್ಲಿ ಹೆವಿವೇಟ್ ಚಾಂಪಿಯನ್ ಹೋಮ್ಸ್‌ನ ಸೋಲಿಸಿದ, ಒಪ್ಪಿದೆ. 1988ರಲ್ಲಿ ಅದೇ ಟೈಸನ್ ಎದುರು ಹೊಟ್ಟೆಗೊಂದು ಬಿತ್ತು, ಮಂಡಿಯೂರಿದ. ಎದ್ದ. ಇನ್ನೊಂದು ಬಿತ್ತು. 91 ಸೆಕೆಂಡ್! ನೀವು ಕಾಫಿಗೆ ಸಕ್ಕರೆ ಹಾಕಿಕೊಳ್ಳೋ ಹೊತ್ತಿಗೆ ಮುಗಿದಿತ್ತು.

"ಡೇವಿಡ್ ಹೇ?" ಅವನೂ ಆರಡಿ ಮೂರು ಇಂಚೇ ಕಣ್ರೀ! ಏಳಡಿ ವಲುವೆವ್‌ನ ಸೋಲಿಸಿದ, ನಿಜ. 2011ರಲ್ಲಿ ಹೆವಿವೇಟ್ ಚಾಂಪಿಯನ್ ಕ್ಲಿಚ್ಕೊ ಹತ್ತಿರ ಸೋತು, ಕಾಲಿನ ಕಿರುಬೆರಳು ಮುರಿದಿತ್ತು ಅಂತ ಪತ್ರಕರ್ತರಿಗೆ ಬೆರಳು ತೋರಿಸಿದ. ಕಿರುಬೆರಳು! ನನಗೆ ಈಗಲೂ ನಗು ಬರುತ್ತದೆ.

ಈಗ ಕ್ರಾಫರ್ಡ್. ಕನೆಲೊ ಎದುರು ಹೋಗಿದ್ದು 168 ಪೌಂಡಿಗೆ, ಅಂದರೆ 76 ಕೆಜಿ. ಹೆವಿವೇಟ್‌ನ ಡುಬ್ವಾ 110 ಕೆಜಿ. ಕ್ರಾಫರ್ಡ್ ಅಂಥವನ ಎದುರು ನಿಲ್ಲೋದಾ? ಬೇಡ. ಆಗಲ್ಲ. "ಆದರೆ ಅಣ್ಣಾ, ಸ್ಪೀಡು..." ಆಗಲ್ಲ ಅಂದೆನಲ್ಲ! "ಫುಟ್‌ವರ್ಕು..." ಓಡಿ ಎಲ್ಲಿಗೆ ಹೋಗುತ್ತೀರಿ, ನಾಲ್ಕೂ ಕಡೆ ಹಗ್ಗ ಕಟ್ಟಿದ್ದಾರೆ! ಉಸಿಕ್ ಹೆಸರು ಮಾತ್ರ ಎತ್ತಬೇಡಿ. ಉಸಿಕ್ ದೊಡ್ಡವನು. ದೊ-ಡ್ಡ-ವ-ನು. ಇನ್ನೊಂದು ಸಲ ಯಾರಾದರೂ ಚಿಕ್ಕವನು ಅಂತ ಬರೆದರೆ ಕಾಮೆಂಟ್ ಬಾಕ್ಸ್‌ಗೆ ಬೀಗ ಹಾಕುತ್ತೇನೆ.

ಟೀ ಶರ್ಟ್ ಲಿಂಕ್ ಕೆಳಗಿದೆ, ಸ್ಮಾಲ್ ಸೈಜ್ ಖಾಲಿಯಾಗಿದೆ. ಮುಂದಿನ ವಾರ ಬ್ರಿಜರ್‌ವೇಟ್. ಅದೇ, 2020ರಲ್ಲಿ ಬೆಲ್ಟ್ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ಹುಟ್ಟಿಹಾಕಿದ 224 ಪೌಂಡಿನ ಹೊಸ ಕ್ಲಾಸು. ಅದರ ಮೇಲೆ ನನಗೆ ಇದಕ್ಕಿಂತ ಜಾಸ್ತಿ ಸಿಟ್ಟಿದೆ.