70 ಸೀಟಿನ ವಿಮಾನದಲ್ಲಿ 50 ಸೀಟು ಯಾಕೆ?

[ತೆರೆಯಲ್ಲಿ: ವಿಮಾನದ ಒಳಭಾಗ. ಸೀಟುಗಳ ನಡುವೆ ಸೂಟ್‌ಕೇಸ್ ಇಡುವ ಆಳೆತ್ತರದ ಕಪಾಟು.]

ಚಿಕಾಗೋದಿಂದ ಯಾವುದೋ ಸಣ್ಣ ಊರಿಗೆ ಯುನೈಟೆಡ್ ವಿಮಾನ ಹತ್ತಿದ್ದೀರಿ ಅಂದ್ಕೊಳ್ಳಿ. ಸೀಟು ಇರಬೇಕಾದ ಜಾಗದಲ್ಲಿ ಬೀರು ಥರ ಒಂದು ಕಪಾಟು. ಇನ್ನೊಂದು ಕಡೆ ತಿಂಡಿ ಇಟ್ಟ ಕಟ್ಟೆ, ಫಸ್ಟ್ ಕ್ಲಾಸಿನವರು ಬೇಕಾದ್ದನ್ನ ತಾವೇ ತಗೋಬಹುದು. ವಿಮಾನದ ಹೆಸರು ಸಿಆರ್‌ಜೆ 550. 2019ರಲ್ಲಿ ಹಾರೋಕೆ ಶುರುವಾಯ್ತು.

ಹೆಸರು ಹೊಸದು, ವಿಮಾನ ಹಳೇದೇ. 70 ಜನ ಕೂರೋ ಸಿಆರ್‌ಜೆ 700ರಿಂದ 20 ಸೀಟು ಕಿತ್ತು ಹಾಕಿದ್ದಾರೆ, ಅಷ್ಟೇ. ಟಿಕೆಟ್ ಮಾರಿ ಬದುಕೋ ಕಂಪನಿ ಕೈಯಾರೆ 20 ಸೀಟು ಯಾಕೆ ಕೀಳುತ್ತೆ?

[ತೆರೆಯಲ್ಲಿ: ವಿಮಾನದ ಬಾಗಿಲ ಪಕ್ಕದ ಸಣ್ಣ ಅಕ್ಷರ, ಹತ್ತಿರದಿಂದ.]

ಬಾಗಿಲ ಪಕ್ಕ ಬರೆದಿರೋದನ್ನ ಯಾರೂ ಓದಲ್ಲ. ಮೈತುಂಬ ಯುನೈಟೆಡ್ ಬಣ್ಣ, ಆದರೆ ಹಾರಿಸ್ತಿರೋದು ಬೇರೆ ಕಂಪನಿ ಅಂತ ಅಲ್ಲಿ ಬರೆದಿರುತ್ತೆ. ಸ್ಕೈವೆಸ್ಟ್, ರಿಪಬ್ಲಿಕ್, ಗೋಜೆಟ್, ಹೀಗೆ. ಇವೇ ರೀಜನಲ್ ಏರ್‌ಲೈನ್‌ಗಳು.

ಬೆಂಗಳೂರಿನವರು ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ನೆನಪಿಸ್ಕೊಳ್ಳಿ. ಬೋರ್ಡು, ಟಿಕೆಟ್ಟು, ಕಂಡಕ್ಟರ್ ಬಿಎಂಟಿಸಿದು. ಬಸ್ಸು, ಡ್ರೈವರ್ ಖಾಸಗಿ ಕಂಪನಿದು. ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು. ಅಮೆರಿಕದಲ್ಲೂ ಹೆಚ್ಚುಕಮ್ಮಿ ಅದೇ: ಟಿಕೆಟ್ ಮಾರೋದು ದೊಡ್ಡ ಕಂಪನಿ, ಹಾರಾಟಕ್ಕೆ ಇಷ್ಟು ಅಂತ ಸಣ್ಣ ಕಂಪನಿಗೆ ಕೊಡುತ್ತೆ. ಒಂದೇ ವ್ಯತ್ಯಾಸ, ಅಲ್ಲಿ ‘ಕಂಡಕ್ಟರೂ’ ಹೊರಗಿನವರೇ. ಗಗನಸಖಿಯರ ಸಂಬಳವೂ ಸಣ್ಣ ಕಂಪನಿಯದ್ದೇ.

ಹಿಂದೆ ಈ ಕೆಲಸ ಪಂಖದ ಪುಟ್ಟ ವಿಮಾನಗಳದ್ದು. 19 ಸೀಟು, 30 ಸೀಟು. ದೊಡ್ಡ ಕಂಪನಿ ಪೈಲಟ್‌ಗಳು ಅದರ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಆದರೆ 1993ರಲ್ಲಿ ಕೋಮೇರ್ ಅನ್ನೋ ಕಂಪನಿ 50 ಸೀಟಿನ ಜೆಟ್ ತಂದಿತು. ಜೆಟ್ ಅಂದ್ಮೇಲೆ ದೂರದೂರಿಗೂ ಹೋಗಬಹುದು, ದೊಡ್ಡ ವಿಮಾನದ ರೂಟಿಗೂ ಕೈ ಹಾಕಬಹುದು. ಪೈಲಟ್ ಯೂನಿಯನ್‌ಗಳಿಗೆ ಬಿಸಿ ತಟ್ಟಿದ್ದು ಆಗ.

ಅವರ ಕೈಲಿದ್ದ ಆಯುಧ ‘ಸ್ಕೋಪ್ ಕ್ಲಾಝ್’. ಸಂಬಳದ ಒಪ್ಪಂದದೊಳಗೇ ಇರೋ ಒಂದು ಷರತ್ತು: ಇಂತಿಷ್ಟಕ್ಕಿಂತ ದೊಡ್ಡ ವಿಮಾನವನ್ನ ಹೊರಗುತ್ತಿಗೆಗೆ ಕೊಡೋ ಹಾಗಿಲ್ಲ. ಮೊದಲು 50 ಸೀಟಿನ ಆಸುಪಾಸಲ್ಲಿ ಬಿಗಿಯಾಗಿದ್ದ ಗೆರೆ, 2000ದ ನಂತರ ದೊಡ್ಡ ಕಂಪನಿಗಳು ಸಾಲಾಗಿ ದಿವಾಳಿ ಕೋರ್ಟಿಗೆ ಹೋದಾಗ ಸಡಿಲವಾಯ್ತು. ಈಗ ಡೆಲ್ಟಾ, ಯುನೈಟೆಡ್, ಅಮೆರಿಕನ್ ಮೂರರಲ್ಲೂ ಗರಿಷ್ಠ 76 ಸೀಟು, 86,000 ಪೌಂಡ್ ತೂಕ. ಅಂದ್ರೆ ಸುಮಾರು 39 ಟನ್. ಆ ದೊಡ್ಡ ಗಾತ್ರದವು ಎಷ್ಟು ಇರಬಹುದು ಅನ್ನೋದಕ್ಕೂ ಮಿತಿ. ಯುನೈಟೆಡ್‌ಗೆ 70 ಸೀಟಿನ ಕೋಟಾ ಸಾಲದು, 50ರ ಲೆಕ್ಕದಲ್ಲಿ ಜಾಗ ಇದೆ. ಅದಕ್ಕೇ ಸೀಟು ಕಿತ್ತು ಕಪಾಟು ಇಟ್ಟರು.

ಈ ಗೆರೆಯ ತಾಕತ್ತು ಎಷ್ಟು ಅಂದ್ರೆ, ಎಂಬ್ರೇರ್ ಕಂಪನಿಯ ಹೊಸ ಇ175-ಇ2 ಕಡಿಮೆ ಇಂಧನ ಕುಡಿಯುತ್ತೆ, ಆದರೆ ಹೊಸ ಎಂಜಿನ್ ಭಾರ ಜಾಸ್ತಿ. 39 ಟನ್ ದಾಟಿತು, ಅಮೆರಿಕದಲ್ಲಿ ಜಾಗ ಇಲ್ಲ. ಜಪಾನಿನ ಮಿತ್ಸುಬಿಷಿ ಕಟ್ಟಿದ ಸ್ಪೇಸ್‌ಜೆಟ್‌ಗೂ ಬೇರೆ ತೊಂದರೆಗಳ ಜೊತೆ ಇದೇ ತೂಕ ಅಡ್ಡ ಬಂತು. 2023ರಲ್ಲಿ ಯೋಜನೆಯನ್ನೇ ಕೈಬಿಟ್ಟರು.

[ತೆರೆ ಕಪ್ಪು. ನಿಧಾನಕ್ಕೆ ಬಫಲೋ ನಗರದ ನಕ್ಷೆ.]

ಯೂನಿಯನ್ ಗೆದ್ದಿತು ಅನ್ಬಹುದಾ? ನನಗೆ ಅಷ್ಟು ಸಲೀಸಾಗಿ ಹೇಳೋಕಾಗಲ್ಲ. ಗೆರೆ ಹಾಕಿದವರು ಮೇಲಿನವರು, ದೊಡ್ಡ ಕಂಪನಿ ಪೈಲಟ್‌ಗಳು. ಗೆರೆಯ ಕೆಳಗಿದ್ದವರೂ ಪೈಲಟ್‌ಗಳೇ, ಎಷ್ಟೋ ಕಡೆ ಅದೇ ಯೂನಿಯನ್ ಸದಸ್ಯರೇ. ಆದರೆ ಅವರ ಸೀನಿಯಾರಿಟಿ ಪಟ್ಟಿ ಬೇರೆ, ಸಂಬಳ ಬೇರೆ. ಹತ್ತು ವರ್ಷ ಹಾರಿಸಿ ದೊಡ್ಡ ಕಂಪನಿಗೆ ಹೋದರೂ ಪಟ್ಟಿಯ ಕೊನೇ ಹೆಸರು ನಿಮ್ಮದೇ.

2009ರ ಫೆಬ್ರವರಿ 12ರ ರಾತ್ರಿ, ನೆವಾರ್ಕ್‌ನಿಂದ ಬಫಲೋಗೆ ಹೊರಟ ವಿಮಾನ ಇಳಿಯೋ ಮೊದಲೇ ಒಂದು ಮನೆ ಮೇಲೆ ಬಿತ್ತು. ಟಿಕೆಟ್ ಮೇಲೆ ಕಾಂಟಿನೆಂಟಲ್ ಹೆಸರು, ಹಾರಿಸಿದ್ದು ಕೋಲ್ಗನ್ ಏರ್. ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಅಂತ ತನಿಖೆ ಹೇಳಿತು. ವಿಚಾರಣೆಯಲ್ಲಿ ಜನರನ್ನ ತಟ್ಟಿದ್ದು ಇನ್ನೊಂದು ವಿಷಯ. ಜೊತೆಗಿದ್ದ 24 ವರ್ಷದ ಫಸ್ಟ್ ಆಫೀಸರ್‌ಗೆ, ಅಂದ್ರೆ ಸಹ-ಪೈಲಟ್‌ಗೆ, ಸಿಗ್ತಿದ್ದದ್ದು ವರ್ಷಕ್ಕೆ ಸುಮಾರು 16,000 ಡಾಲರ್. ನೆವಾರ್ಕ್ ಹತ್ತಿರ ಮನೆ ಇರ್ಲಿಲ್ಲ, ಸಿಯಾಟಲ್ ಕಡೆ ಅಪ್ಪ ಅಮ್ಮನ ಜೊತೆ ಇದ್ದರು. ಹಿಂದಿನ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ದೇಶದ ಆ ತುದಿಯಿಂದ ಈ ತುದಿಗೆ ಬಂದು ಡ್ಯೂಟಿಗೆ ಹಾಜರಾಗಿದ್ದರು.

ಆಮೇಲೆ ಕಾನೂನು ಬಂತು. ಟಿಕೆಟ್ ತೋರಿಸುವಾಗಲೇ ಹಾರಿಸೋದು ಯಾರು ಅಂತ ಹೇಳಬೇಕು. 2013ರಿಂದ ಫಸ್ಟ್ ಆಫೀಸರ್ ಆಗೋಕೂ ಸಾಮಾನ್ಯವಾಗಿ 1,500 ಗಂಟೆ ಹಾರಾಟದ ಅನುಭವ ಬೇಕು.

ಅದಕ್ಕೂ ಮೊದಲು ಸಂಬಳಕ್ಕಾಗಿ ಹೋರಾಡಲಿಲ್ವಾ? ಹೋರಾಡಿದರು. ಅದೇ ಕೋಮೇರ್ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಮಾಡಿದರು, ಸಂಬಳ ಏರಿತು. ಆದರೆ ದುಬಾರಿ ಗುತ್ತಿಗೆದಾರ ಯಾರಿಗೆ ಬೇಕು? ಹಾರಾಟ ಒಂದೊಂದಾಗಿ ಬೇರೆಯವರ ಪಾಲಾಯ್ತು, 2012ರಲ್ಲಿ ಕೋಮೇರ್ ಬಾಗಿಲು ಮುಚ್ಚಿತು.

ಕೊನೆಗೆ ಸಂಬಳ ನಿಜವಾಗಿ ಏರಿಸಿದ್ದು ಪೈಲಟ್‌ಗಳ ಬರ. ಕೊರೋನಾ ಮುಗಿದ ಮೇಲೆ ದೊಡ್ಡ ಕಂಪನಿಗಳು ಸಣ್ಣ ಕಂಪನಿಗಳಿಂದ ಪೈಲಟ್‌ಗಳನ್ನ ಸೆಳೆದುಕೊಂಡವು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸಿನ ಸ್ವಂತ ರೀಜನಲ್ ಕಂಪನಿಗಳು ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಕೊಡೋಕೆ ಮುಂದಾದವು. ಸಂಬಳ ಬದಲಾಯ್ತು, 76ರ ಗೆರೆ ಹಾಗೇ ಉಳೀತು.

[ತೆರೆಯಲ್ಲಿ: ಅದೇ ಕಪಾಟು. ಒಬ್ಬರು ಸೂಟ್‌ಕೇಸ್ ಒಳಗಿಟ್ಟು ಮುಂದೆ ಹೋಗುತ್ತಾರೆ.]